ಫಟಫಟಿಯ ಸಲಾಕೆ

ಗಡಹಿಂಗ್ಲಜ
೧೮ ಜೂನ್ ೧೯೪೨

ಅಣ್ಣಾ,

ಅವ್ವನಿಗೆ ಈ ಪತ್ರ ಓದಿ ಹೇಳುವಾಗ ಮೊದಲಿನ ಸಾಲುಗಳನ್ನಷ್ಟೇ ಓದು. ನಾವು ಕ್ಷೇಮ. ಮಳೆ ಹಿಡಿದಿದೆ. ಹಿತ್ತಲಿನ ಹೀರೆಬಳ್ಳಿ ಚಪ್ಪರಕ್ಕೆ ಹತ್ತಿದೆ. ನಿನ್ನ ಇಂದುಬಾಯಿ ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದಾಳೆ ಎಂದು ಹೇಳು. ಮುಂದಿನದು ನಿನಗೆ.

ಹೋದ ಸೋಮವಾರ ಮಧ್ಯಾಹ್ನ ಆಜರಾ ದಾರಿಯ ಹಳ್ಳಿಯೊಂದರಿಂದ ಇವರಿಗೆ ಕರೆ ಬಂತು. ಚೊಚ್ಚಲ ಹೆರಿಗೆ, ರಕ್ತ ನಿಲ್ಲುತ್ತಿಲ್ಲ ಎಂದು. ಇವರು ಔಷಧದ ಚೀಲ ಕಟ್ಟಿಕೊಂಡು ತಮ್ಮ ಮೋಟಾರ್‌ಸೈಕಲ್ಲು, ಅದೇ ಆ ಹಳೇ ಫಟಫಟಿ, ಹತ್ತಿ ಹೋದರು. ಅರ್ಧ ದಾರಿಯಲ್ಲಿ ಎತ್ತಿನ ಲಾಳದ ಮೊಳೆಯೊಂದು ಹಿಂದಿನ ಗಾಲಿಗೆ ಹೊಕ್ಕಿತು. ಲಡಾಯಿ ಶುರುವಾದಾಗಿನಿಂದ ಡಾಕ್ಟರೆಂದು ಪೆಟ್ರೋಲಿನ ಚೀಟಿ ಕೊಡುತ್ತಾರೆಯೇ ಹೊರತು ಹೊಸ ಟಾಯರು ಎಲ್ಲಿಯೂ ಇಲ್ಲ. ಈ ಹಳೆಯದು ಗಾಲಿಯ ಕಬ್ಬಿಣಕ್ಕೆ ಅಂಟಿಕೊಂಡು ಕೂತುಬಿಟ್ಟಿತ್ತು. ತುಳಿದರಂತೆ, ಕಲ್ಲಿನಿಂದ ಬಡಿದರಂತೆ, ಜೊತೆಗಿದ್ದ ಒಂದೇ ಸಲಾಕೆಯೂ ಬಾಗಿತು. ಕೊನೆಗೆ ಗಾಡಿಯನ್ನು ಅಲ್ಲೇ ಬಿಟ್ಟು ಚೀಲ ಹೊತ್ತು ಮಳೆಯಲ್ಲಿ ನಡೆದರು. ಮುಟ್ಟುವಷ್ಟರಲ್ಲಿ ಆ ಹೆಣ್ಣುಮಗಳು ತೀರಿಕೊಂಡಿದ್ದಳು.

ಅವಳ ಗಂಡ ಬಯ್ಯಲಿಲ್ಲ. "ಬಂದ್ರೇನ್ರಿ," ಅಂದನಂತೆ. ಅಷ್ಟೆ.

ಅಂದಿನಿಂದ ಇವರು ಕಟ್ಟೆಯ ಮೇಲೆ ಕೂತು ಆ ಗಾಲಿಯನ್ನೇ ನೋಡುತ್ತಾರೆ. ಬಾಗಿಲಿಗೆ ಯಾರಾದರೂ ಓಡಿ ಬಂದರೆ ನನಗೆ ಅಂಜಿಕೆ. ಅಣ್ಣಾ, ನೀನು ಬಟ್ಟೆ ನೇಯುವ ಮಾಗಗಳ ಕಬ್ಬಿಣ ಬಗ್ಗಿಸುವವನು. ಒಬ್ಬನೇ ಮನುಷ್ಯ, ನಡುದಾರಿಯಲ್ಲಿ, ಟಾಯರು ಬಿಚ್ಚಿ ಮತ್ತೆ ಕೂರಿಸುವಂಥದ್ದು, ಔಷಧದ ಚೀಲದ ಬದಿಗೆ ಹಿಡಿಯುವಂಥದ್ದು ಏನಾದರೂ ಮಾಡಲು ಬರುತ್ತದೆಯೇ?

ನಿನ್ನ ತಂಗಿ,
ಇಂದು


ಇಚಲಕರಂಜಿ
೯ ಜುಲೈ ೧೯೪೨

ಇಂದೂ,

ಅವ್ವನಿಗೆ ಹೀರೆಬಳ್ಳಿಯ ತನಕ ಓದಿದೆ. "ಮುಂದ?" ಅಂದಳು. ಮುಂದೇನಿಲ್ಲ ಅಂದೆ. "ಹಾಳಿ ಎರಡೂ ಬಾಜೂ ತುಂಬೇತಲ್ಲೋ," ಅಂದಳು. ಓದಲು ಬಾರದವರಿಗೆ ಸುಳ್ಳು ಹೇಳುವುದು ಕಷ್ಟ.

ರಜೆಯ ದಿನ ಕೊಲ್ಹಾಪುರಕ್ಕೆ ಹೋಗಿ ಪಾರೀಸನನ್ನು ಕಂಡೆ. ನನ್ನ ಗೆಳೆಯ, ಅಲ್ಲಿ ಮೋಟಾರು, ಫಟಫಟಿ ದುರಸ್ತಿ ಮಾಡುತ್ತಾನೆ. ಅವನ ಅಂಗಡಿಯಲ್ಲಿ ಟಾಯರಿನ ಮೇಲೆ ಇಬ್ಬರು ಆಳು ನಿಂತು ಕುಣಿಯುತ್ತಾರೆ. ಹಾದಿಯಲ್ಲಿ ಇಬ್ಬರನ್ನು ಎಲ್ಲಿಂದ ತರುವುದು? ಇಡೀ ದಿನ ನೋಡಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಮೇಲಿನಿಂದ ತುಳಿಯಬಾರದು, ಗಾಲಿಯನ್ನೇ ಹಿಡಿದುಕೊಂಡು ಅದರ ಆಸರೆಯಿಂದ ಟಾಯರನ್ನು ಒತ್ತಬೇಕು.

ಹಾಗಾಗಿ ಎರಡು ಪಟ್ಟಿ, ನಡುವೆ ಒಂದು ಕೀಲು. ಒಂದು ಪಟ್ಟಿಯ ತುದಿಗೆ ಕೊಕ್ಕೆ. ಅದು ಗಾಲಿಯ ಅಂಚನ್ನು ಕಚ್ಚುತ್ತದೆ. ಇನ್ನೊಂದಕ್ಕೆ ಒಂದು ಚಪ್ಪಟೆ ಪಾದ. ಹಿಡಿಕೆ ಅದುಮಿದರೆ ಪಾದವು ಅಂಟಿದ ಟಾಯರನ್ನು ಕೆಳಗೆ ತಳ್ಳುತ್ತದೆ. ಕೀಲಿನ ಮೊಳೆ ಎಳೆದರೆ ಎರಡೂ ಬೇರೆಯಾಗಿ ಟಾಯರು ಎಬ್ಬಿಸುವ ಸಲಾಕೆಗಳಾಗುತ್ತವೆ. ಮಡಚಿದರೆ ಮೊಳಕೈಗಿಂತ ಗಿಡ್ಡ.

ಕೈತಪ್ಪಿ ಹಾರಿ ಡಾಕ್ಟರ ಮುಖಕ್ಕೆ ಬಡಿದೀತೆಂದು ನನಗೆ ಅಂಜಿಕೆ. ನನ್ನ ಸ್ವಭಾವ ನಿನಗೆ ಗೊತ್ತು, ಮಾಗದ ಪಟ್ಟಾ ಹರಿದು ಸದ್ದಾದರೂ ಕಂಬದ ಹಿಂದೆ ಹೋಗಿ ನಿಲ್ಲುವವನು ನಾನು. ಅದಕ್ಕೇ ಎಲ್ಲ ಬಗೆಯಿಂದಲೂ ಜಾರಿಸಿ ನೋಡಿದ್ದೇನೆ. ನಿಮ್ಮೂರಿಗೆ ಬರುವ ಮೋಟಾರಿನವನ ಕೈಲಿ ಕಳಿಸುತ್ತೇನೆ. ಇದು ಮೊದಲನೆಯದು, ತಪ್ಪು ಇದ್ದೇ ಇರುತ್ತದೆ. ಮುಚ್ಚಿಡದೆ ಬರೆ.

ಗುರುಸಿದ್ದ


ಗಡಹಿಂಗ್ಲಜ
೨೦ ಆಗಸ್ಟ್ ೧೯೪೨

ಅಣ್ಣಾ,

ತಪ್ಪು ಇದೆ. ಅಂಗಳದಲ್ಲಿ ಹಚ್ಚಿ ನೋಡಿದೆವು. ಅಂಟಿದ ಟಾಯರು ಬೆಣ್ಣೆಯಂತೆ ಬಿಟ್ಟಿತು. ಇವರು ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿದರು. ಆದರೆ ಎಬ್ಬಿಸಲು ಹೋದಾಗ ಸಲಾಕೆಯ ತುದಿ ಒಳಗಿನ ಟ್ಯೂಬನ್ನು ಚಿವುಟಿ ಹೊಸ ತೂತು ಮಾಡಿತು. ತೇಪೆ ಹಚ್ಚಿ ಮತ್ತೆ ಮಾಡಿದರು, ಮತ್ತೆ ತೂತು. "ಇರಲಿ ಬಿಡು, ನಮ್ಮ ನಸೀಬ," ಅಂದು ಒಳಗೆ ಹೋದರು.

ನಾನು ಬಿಡಲಿಲ್ಲ. ಸೀರೆಯ ಸೆರಗು ಕಟ್ಟಿ ನಾನೇ ಕೂತೆ. ನನ್ನ ಕೈಗೆ ಬಲವಿಲ್ಲ, ಅದಕ್ಕೇ ಮೆಲ್ಲಗೆ ಮಾಡಿದೆ. ಆಗ ಕಂಡಿತು: ತುದಿ ಹರಿತವಿದೆ ಎಂಬುದು ಒಂದು ಮಾತು, ಅದು ಬೇಕಾದ್ದಕ್ಕಿಂತ ಆಳಕ್ಕೆ ಹೋಗುತ್ತದೆ ಎಂಬುದು ಇನ್ನೊಂದು. ತುದಿಯನ್ನು ಚಮಚದ ಬೆನ್ನಿನಂತೆ ನುಣುಪು ಮಾಡು. ಹೆಬ್ಬೆರಳಿನಷ್ಟು ಹಿಂದಕ್ಕೆ ಕಬ್ಬಿಣದ್ದೇ ಒಂದು ಗಂಟು ಇಡು, ಅದು ಟಾಯರಿಗೆ ತಡೆದು ನಿಲ್ಲಲಿ, ಮುಂದೆ ಹೋಗದಿರಲಿ.

ಇಲ್ಲಿ ದಿನಮಾನ ಚೆನ್ನಾಗಿಲ್ಲ. ಚಳವಳಿಯ ದೊಡ್ಡವರನ್ನೆಲ್ಲ ಹಿಡಿದಿದ್ದಾರೆ ಎಂದು ಮುಂಬಯಿಯ ಸುದ್ದಿ ಬಂದಾಗಿನಿಂದ ಸಾಲೆ ಮುಚ್ಚಿವೆ, ತಂತಿ ಕಡಿಯುತ್ತಿದ್ದಾರೆ. ನಾಕೆಗಳಲ್ಲಿ ಪೊಲೀಸರು ಪ್ರತಿ ಗಾಡಿಯನ್ನೂ ನಿಲ್ಲಿಸಿ ಚೀಲ ಬಿಚ್ಚಿಸುತ್ತಾರೆ. ಇವರು ಹೊರಟರೆ ನನಗೀಗ ಎರಡು ಅಂಜಿಕೆ.

ಇಂದು


ಇಚಲಕರಂಜಿ
೨೭ ಸೆಪ್ಟೆಂಬರ್ ೧೯೪೨

ಇಂದೂ,

ನಿನ್ನ ಗಂಟು ಕೆಲಸ ಮಾಡಿತು. ಲಾರಿಯ ಮುರಿದ ಕಮಾನು ಸ್ಪ್ರಿಂಗಿನ ಪಟ್ಟಿಯನ್ನು ಕಾಸಿ ಬಡಿದು ಹೊಸದು ಮಾಡಿದೆ. ಪಾರೀಸನ ಅಂಗಡಿಯಲ್ಲಿ ಮೂರು ಬಗೆಯ ಗಾಡಿಗೆ ಹಚ್ಚಿದೆವು, ಟ್ಯೂಬಿಗೆ ಗೀರೂ ಬೀಳಲಿಲ್ಲ. "ಇದನ್ನ ಯಾರು ಹೇಳಿಕೊಟ್ರೋ ನಿನಗ?" ಎಂದು ಪಾರೀಸ ಕೇಳಿದ. ತಂಗಿ ಅಂದೆ. ನಂಬಲಿಲ್ಲ.

ಅಲ್ಲಿ ನಿಂತು ನೋಡುತ್ತಿದ್ದ ಒಬ್ಬರು ಮುಂದಿನ ವಾರ ನನ್ನನ್ನು ಹುಡುಕಿಕೊಂಡು ಇಲ್ಲಿಗೇ ಬಂದರು. ತೆಳ್ಳಗಿನ ಆಳು, ಬಿಳಿ ಟೊಪ್ಪಿಗೆ, ಹುಬ್ಬಿನ ಮೇಲೊಂದು ಗಾಯದ ಕಲೆ. ಮಾತು ಮಾಸ್ತರರ ಹಾಗೆ ಮೆತ್ತಗೆ. ತಮ್ಮದೂ ಕಾಗಲದ ಕಡೆ ಒಂದು ಫಟಫಟಿ ಇದೆ, ತಮಗೂ ಇಂಥದ್ದೇ ಬೇಕು ಅಂದರು. ಯಾವ ಅಳತೆಯ ಗಾಲಿ ಎಂದು ಕೇಳಿದೆ. "ಯಾವುದಾದ್ರೂ ನಡೀತೈತ್ರಿ," ಅಂದು ನಕ್ಕರು. ಗಾಡಿ ಇದ್ದವರು ಹೀಗೆ ಹೇಳುವುದಿಲ್ಲ. ಆದರೂ ನಾನು ಮಾಡಿದ್ದನ್ನು ಇನ್ನೊಬ್ಬರು ಕೇಳಿಕೊಂಡು ಬಂದರಲ್ಲ ಎಂಬ ಹಿಗ್ಗಿನಲ್ಲಿ ಮಾಡಿಕೊಟ್ಟೆ.

ಡಾಕ್ಟರದನ್ನು ದಪ್ಪ ಗೋಣಿಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ವಾರಕ್ಕೊಮ್ಮೆ ಕೀಲಿಗೆ ಎಣ್ಣೆ ಬಿಡಲಿ.

ಗುರುಸಿದ್ದ


ಗಡಹಿಂಗ್ಲಜ
೨ ನವೆಂಬರ್ ೧೯೪೨

ಅಣ್ಣಾ,

ಇದನ್ನು ಅವ್ವನಿಗೆ ಪೂರ್ತಿ ಓದು.

ನಿನ್ನೆ ಅದೇ ದಾರಿಯಲ್ಲಿ ಮತ್ತೆ ಗಾಲಿ ತೂತಾಗಿ ಕೂತಿತು. ಮುಂದಿನ ಊರಿನಲ್ಲಿ ಗಂಟಲು ಬಾತು ಉಸಿರು ಸಿಕ್ಕಿಕೊಂಡ ಒಂದು ಕೂಸು. ಇವರು ದಾರಿಬದಿಯಲ್ಲೇ ಕೂತು ಟಾಯರು ಬಿಚ್ಚಿ, ತೇಪೆ ಹಚ್ಚಿ, ಕೂರಿಸಿ, ಗಾಳಿ ಹೊಡೆದು ಹೋದರು. ತಲುಪಿದಾಗ ಕೂಸಿನ ತುಟಿ ನೀಲಿಯಾಗಿತ್ತಂತೆ. ಬದುಕಿತು ಅಣ್ಣಾ. ಮನೆಗೆ ಬಂದವರು ಕೈ ತೊಳೆಯದೆ ಅಡುಗೆಮನೆಗೇ ಬಂದು ನಿಂತು, "ನಿಮ್ಮಣ್ಣನ ಸಲಾಕಿ ಇರಲಿಲ್ಲಂದ್ರ ಇವತ್ತೂ ನಾ ನಡಕೋತ ಹೋಗ್ತಿದ್ದೆ," ಅಂದರು. ಆಮೇಲೆ ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಇಂದು


ಇಚಲಕರಂಜಿ
೬ ಡಿಸೆಂಬರ್ ೧೯೪೨

ಇಂದೂ,

ಇದನ್ನು ಟಪಾಲಿಗೆ ಹಾಕುತ್ತಿಲ್ಲ. ಸೀರೆ ವ್ಯಾಪಾರದ ಜಿನಗೊಂಡ ನಿಮ್ಮ ಸಂತೆಗೆ ಬರುತ್ತಿದ್ದಾನೆ, ಅವನ ಕೈಲಿ ಕೊಡುತ್ತಿದ್ದೇನೆ. ಓದಿ ಒಲೆಗೆ ಹಾಕು.

ಕಾಗಲದ ಆಚೆ ಒಂದು ಹಳ್ಳಿಯ ಚಾವಡಿಗೆ ಬೆಂಕಿ ಬಿದ್ದಿದೆ. ಬೀಗ ಮೀಟಿ ಒಳಹೊಕ್ಕು ಕಾಗದಪತ್ರ ಸುಟ್ಟಿದ್ದಾರೆ. ಬೀಗ ಮೀಟಿದ ಕಬ್ಬಿಣ ಅಲ್ಲೇ ಬಿದ್ದಿತ್ತು. ಪೊಲೀಸರು ಅದನ್ನು ಹಿಡಿದು ಕೊಲ್ಹಾಪುರದ ಅಂಗಡಿ ಅಂಗಡಿ ತಿರುಗುತ್ತಿದ್ದಾರೆ, ಇದು ಯಾರ ಕೈಯದು ಎಂದು. ಪಾರೀಸನಿಗೂ ತೋರಿಸಿದರು. ಗೊತ್ತಿಲ್ಲ ಅಂದನಂತೆ. ಎರಡು ಪಟ್ಟಿ, ಒಂದು ಕೀಲು, ತುದಿಯಿಂದ ಹೆಬ್ಬೆರಳಿನಷ್ಟು ಹಿಂದೆ ಒಂದು ಗಂಟು.

ಡಾಕ್ಟರ ಬಳಿ ಇರುವುದನ್ನು ಹಿರಣ್ಯಕೇಶಿ ಹೊಳೆಗೆ ಎಸೆದುಬಿಡಿ. ನೀರು ಆಳವಿದ್ದಲ್ಲಿ ಎಸೆಯಿರಿ. ಕುಲುಮೆಯ ಬಳಿ ಯಾರ ನೆರಳು ಬಿದ್ದರೂ ನನ್ನ ಕೈಯಿಂದ ಹತೋಡಿ ಜಾರುತ್ತಿದೆ. ಅವ್ವ ಕೇಳುತ್ತಾಳೆ, "ಯಾಕೋ, ಉಣ್ಣವಲ್ಲಿ?" ಎಂದು.

ಗು.


ಗಡಹಿಂಗ್ಲಜ
೧೪ ಡಿಸೆಂಬರ್ ೧೯೪೨

ಅಣ್ಣಾ,

ಸಂತೆ ಮುಗಿಸಿ ಹೊರಡುವ ಜಿನಗೊಂಡನ ಕೈಲಿ ಕೊಡಲೆಂದು ಈ ಪತ್ರ ಶುರುಮಾಡಿದ್ದೆ, ಅವನನ್ನು ಇನ್ನೂ ಹೋಗಗೊಟ್ಟಿಲ್ಲ. ನೀನು ಬರೆದದ್ದನ್ನು ಇವರಿಗೆ ಓದಿ ತೋರಿಸಿದೆ. ಸಲಾಕೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕೀಲಿಗೆ ಎಣ್ಣೆ ಬಿಟ್ಟರು. "ಇದನ್ನ ಹೊಳಿಗೆ ಒಗದು, ಮುಂದಿನ ಸಲ ಕರೀಲಿಕ್ಕೆ ಬಂದವರಿಗೆ ಏನಂತ ಹೇಳ್ಲಿ?" ಅಂದರು. ನಾನು ಜಗಳ ಮಾಡಿದೆ, ಅತ್ತುಬಿಟ್ಟೆ. "ನಾಳೆ ನೋಡೋಣು," ಅಂದರು. ಅಷ್ಟು ಬರೆದು ನಿಲ್ಲಿಸಿದ್ದೆ.

ಆ ನಾಳೆ ಸಂಕೇಶ್ವರ ದಾರಿಯ ನಾಕೆಯಲ್ಲಿ ಇವರ ಚೀಲ ಬಿಚ್ಚಿಸಿದರು. ಔಷಧದ ಶೀಶೆಗಳನ್ನೆಲ್ಲ ಪಕ್ಕಕ್ಕಿಟ್ಟು ಗೋಣಿಬಟ್ಟೆಯ ಗಂಟನ್ನಷ್ಟೇ ಎತ್ತಿಕೊಂಡರಂತೆ. ಟಾಯರಿಗಾಗಿ ಇಟ್ಟುಕೊಂಡದ್ದು ಎಂದು ಇವರು ಹೇಳಿದರು. ಯಾರು ಮಾಡಿಕೊಟ್ಟರು ಎಂದು ಕೇಳಿದರು. ಸಂತೆಯಲ್ಲಿ ಕೊಂಡೆ ಅಂದರು. ಕೊಲ್ಹಾಪುರಕ್ಕೆ ಕರೆದೊಯ್ದಿದ್ದಾರೆ. ಠಾಣೆಯ ಹವಾಲ್ದಾರರು ಮನೆಗೆ ಬಂದು ಹೇಳಿ ಹೋದರು. ಒಳ್ಳೆಯ ಮನುಷ್ಯ, ಅವರ ಹೆಂಡತಿಗೆ ಇವರೇ ಔಷಧ ಕೊಟ್ಟವರು. "ಹೆಸರು ಹೇಳಿದ್ರ ಬಿಡ್ತಾರವ್ವಾ. ಡಾಕ್ಟರ ಹೇಳವಲ್ರು," ಅಂದರು.

ಸಲಾಕೆಯ ತುದಿಗೆ ಆ ಗಂಟು ಇಡು ಎಂದು ಹೇಳಿದ್ದು ನಾನು. ಎರಡೂ ಒಂದೇ ಕೈಯದೆಂದು ಗುರುತು ಸಿಕ್ಕಿದ್ದು ಅದರಿಂದಲೇ ಅಲ್ಲವೇ?

ನೀನು ಇಲ್ಲಿಗೆ ಬರಬೇಡ. ಕೊಲ್ಹಾಪುರಕ್ಕೂ ಹೋಗಬೇಡ. ಅವ್ವನನ್ನು ನೋಡಿಕೋ. ಇವರು ಬರುತ್ತಾರೆ. ಬಂದೇ ಬರುತ್ತಾರೆ.

ಇಂದು


ಇಚಲಕರಂಜಿ
೨೩ ಡಿಸೆಂಬರ್ ೧೯೪೨

ಇಂದೂ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಬರಬೇಡ ಎಂದು ಬರೆದಿದ್ದೀಯ. ಅದರ ಕೆಳಗೆ ಇದ್ದದ್ದೂ ನನಗೆ ಓದಲು ಬಂತು. ನೀನು ತಪ್ಪು ತಿಳಿಯಬೇಡ, ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೆಯೇ ಬರೆಯುತ್ತಿದ್ದೆ.

ಕೊಲ್ಹಾಪುರದ ಮೋಟಾರು ನಿಲ್ಲುವಲ್ಲಿಗೆ ಹೋದೆ. ಡ್ರೈವರ್ ಪೆಟ್ರೋಲಿನ ಬದಲಿಗೆ ಹಾಕಿದ ಇದ್ದಿಲ ಗ್ಯಾಸು ಹೊತ್ತಿಸುತ್ತಿದ್ದ. ಅದು ಬಿಸಿಯಾಗುವ ತನಕ ನಿಂತೆ. ಹತ್ತದೆ ಮನೆಗೆ ಬಂದೆ. ಮರುದಿನವೂ ಹಾಗೆಯೇ. ಹೊಡೆಯುತ್ತಾರೆ ಎಂಬ ಅಂಜಿಕೆ ಇದೆ, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೊಡೆದಾಗ ನಾನು ಏನೆಲ್ಲ ಹೇಳಿಬಿಡುತ್ತೇನೋ ಎಂಬ ಅಂಜಿಕೆ.

ಇವತ್ತು ಅವ್ವ ನನ್ನೆದುರು ಕೂತು, "ಇಂದೂನ ಗಂಡಗ ಏನಾಗೇತಿ, ಹೇಳು," ಅಂದಳು. ಎಲ್ಲ ಹೇಳಿದೆ. ಅವಳು ಎದ್ದು ಹೋಗಿ ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಾಕಿ, ಬಟ್ಟೆಯಲ್ಲಿ ಕಟ್ಟಿ ತಂದು ನನ್ನ ಬದಿಗಿಟ್ಟಳು. ಹೋಗು ಅನ್ನಲಿಲ್ಲ. ಬ್ಯಾಡ ಅನ್ನಲೂ ಇಲ್ಲ.

ನಾಳೆ ಹತ್ತುತ್ತೇನೆ. ಜಿನಗೊಂಡ ಕೊಲ್ಹಾಪುರದ ತನಕ ಜೊತೆಗೆ ಬರುತ್ತಾನೆ, ನಾನು ತಿರುಗಿ ಬರದಂತೆ ನೋಡಿಕೊಳ್ಳಲು ನಾನೇ ಕೇಳಿಕೊಂಡಿದ್ದೇನೆ.

ಗುರುಸಿದ್ದ


ಕೊಲ್ಹಾಪುರ
೨೭ ಡಿಸೆಂಬರ್ ೧೯೪೨

ಇಂದೂ,

ಇದು ನಿಮ್ಮಣ್ಣನದಲ್ಲ, ನಿನ್ನ ಗಂಡನ ಪತ್ರ. ನನ್ನನ್ನು ಬಿಟ್ಟಿದ್ದಾರೆ. ಪಾರೀಸನ ಮನೆಯಲ್ಲಿದ್ದೇನೆ, ಮೈಗೆ ಏನೂ ಆಗಿಲ್ಲ. ನಾಳೆಯೇ ಬರುವವನು. ಆದರೆ ಇದನ್ನು ನಿನ್ನ ಎದುರಿಗೆ ಕೂತು ಹೇಳಲು ನನ್ನಿಂದ ಆಗದು, ಅದಕ್ಕೇ ಬರೆದು ಜಿನಗೊಂಡನ ಕೈಲಿ ಮುಂದೆ ಕಳಿಸುತ್ತಿದ್ದೇನೆ.

ಮೊನ್ನೆ ಬೆಳಿಗ್ಗೆ ನನ್ನನ್ನು ಅಂಗಳಕ್ಕೆ ಕರೆದರು. ನಿಮ್ಮಣ್ಣ ಅಲ್ಲಿ ನಿಂತಿದ್ದ. ಕೈಯಲ್ಲಿ ರೊಟ್ಟಿಯ ಗಂಟು. ಎರಡೂ ತಾನೇ ಮಾಡಿದ್ದು, ಟಾಯರು ಬಿಚ್ಚುವುದಕ್ಕೆಂದೇ ಮಾಡಿದ್ದು, ಡಾಕ್ಟರಿಗೆ ಬೇರೇನೂ ಗೊತ್ತಿಲ್ಲ ಎಂದು ಹೇಳಿಯಾಗಿತ್ತು. ಅಧಿಕಾರಿ ತನ್ನದೇ ಫಟಫಟಿಯ ಗಾಲಿ ಬಿಚ್ಚಿಸಿ, ಗಾಳಿ ತೆಗೆಸಿ ಮುಂದೆ ಇಡಿಸಿದರು. "ಕರೂನ ದಾಖವ," ಮಾಡಿ ತೋರಿಸು ಅಂದರು.

ಇಂದೂ, ಕೊಕ್ಕೆಯನ್ನು ಗಾಲಿಗೆ ಸಿಕ್ಕಿಸಲೂ ಅವನಿಂದ ಆಗಲಿಲ್ಲ. ಎರಡು ಸಲ ಕೆಳಗೆ ಬಿತ್ತು. ಪೊಲೀಸರು ನಗತೊಡಗಿದರು. ನಾನು ಕೇಳದೆಯೇ ಮುಂದೆ ಹೋಗಿ ಅವನ ಪಕ್ಕದಲ್ಲಿ ಮಂಡಿಯೂರಿದೆ. "ನೀವು ಹಿಡೀರಿ, ನಾ ಒತ್ತೇನಿ," ಅಂದೆ. ಇಬ್ಬರೂ ಸೇರಿ ಬಿಚ್ಚಿದೆವು. ಟ್ಯೂಬು ತೆಗೆದು, ಹಾಕಿ, ಕೂರಿಸಿದೆವು. ಗಾಳಿ ಹೊಡೆಯುವಾಗ ಯಾರೂ ನಗುತ್ತಿರಲಿಲ್ಲ. ಅಧಿಕಾರಿ ಸ್ವತಃ ಬಾಗಿ ಸಲಾಕೆಯ ತುದಿಯ ಆ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಆಮೇಲೆ ಎರಡನೆಯದನ್ನು ಯಾರಿಗೆ ಕೊಟ್ಟೆ ಎಂದು ಕೇಳಿದರು. ಹೆಸರು ಗೊತ್ತಿಲ್ಲ ಅಂದ. ಒಳಗಿನಿಂದ ಒಬ್ಬ ಮನುಷ್ಯನನ್ನು ಕರೆತಂದರು. ತೆಳ್ಳಗೆ, ಹುಬ್ಬಿನ ಮೇಲೆ ಕಲೆ. ನಾನು ನಿಮ್ಮಣ್ಣನಿಗೆ ಒಂದು ಮಾರು ದೂರದಲ್ಲಿದ್ದೆ. ಅವನ ಕುತ್ತಿಗೆಯ ನರ ಹೊಡೆದುಕೊಳ್ಳುವುದು ನನಗೆ ಕಾಣಿಸುತ್ತಿತ್ತು. ವೈದ್ಯನಾಗಿ ಹೇಳುತ್ತೇನೆ, ಅವನು ಆ ಮನುಷ್ಯನನ್ನು ಗುರುತಿಸಿದ. ಅಧಿಕಾರಿಗೂ ಅದು ಕಂಡಿರಬೇಕು.

"ಇವನೇನು?"

"ಅಲ್ರಿ," ಅಂದ. "ಇವರನ್ನ ನಾ ನೋಡಿಲ್ರಿ."

ಮತ್ತೆ ಕೇಳಿದರು. ಮತ್ತೆ ಅದೇ ಮಾತು, ದನಿ ಮಾತ್ರ ಇನ್ನಷ್ಟು ಸಣ್ಣದು. ಅಧಿಕಾರಿ ನನ್ನತ್ತ ತಿರುಗಿ, ಡಾಕ್ಟರ್, ನೀವು ಹೋಗಬಹುದು ಅಂದರು. ನಿಮ್ಮಣ್ಣನನ್ನು ಒಳಗೆ ಕರೆದೊಯ್ದರು. ಹೋಗುವಾಗ ರೊಟ್ಟಿಯ ಗಂಟನ್ನು ನನ್ನ ಕೈಗೆ ಕೊಟ್ಟ. ಅದಿನ್ನೂ ಹಾಗೆಯೇ ಇದೆ. ಬಿಚ್ಚಲು ಮನಸ್ಸಾಗುತ್ತಿಲ್ಲ.

ಬಸಗೊಂಡ


ಗಡಹಿಂಗ್ಲಜ
೩೦ ಜನವರಿ ೧೯೪೩

ಅಣ್ಣಾ,

ಜೈಲಿಗೆ ಬರೆಯುವ ಪತ್ರವನ್ನು ಬೇರೆಯವರು ಮೊದಲು ಓದುತ್ತಾರಂತೆ. ಓದಲಿ, ಇದರಲ್ಲಿ ಮನೆಯ ಮಾತೇ ಇದೆ.

ಅವ್ವ ನಮ್ಮಲ್ಲಿದ್ದಾಳೆ. ಈ ವರ್ಷ ಶೇಂಗಾ ಚೆನ್ನಾಗಿ ಬಂದಿದೆ. ಅವ್ವ ಕಟ್ಟೆಯ ಮೇಲೆ ಕೂತು ಸುಲಿಯುತ್ತಾಳೆ, ದಾರಿಯ ಕಡೆಗೆ ಮುಖ ಮಾಡಿ ಕೂರುತ್ತಾಳೆ. ನಿನ್ನ ಹೆಸರು ಎತ್ತುವುದಿಲ್ಲ. ಆದರೆ ಊಟಕ್ಕೆ ತಾಟು ಹಾಕುವಾಗ ಒಂದು ಹೆಚ್ಚಿಗೆ ಹಾಕಿ ತಾನೇ ಎತ್ತಿಡುತ್ತಾಳೆ.

ಫಟಫಟಿ ಪಡಸಾಲೆಯಲ್ಲಿ ನಿಂತಿದೆ. ಇವರು ದೂರದ ಕರೆಗಳಿಗೆ ಎತ್ತಿನ ಗಾಡಿಯಲ್ಲಿ ಹೋಗುತ್ತಾರೆ. ಬೇಗ ಮುಟ್ಟುವುದಾಗುವುದಿಲ್ಲ. ತಿರುಗಿ ಬಂದಾಗ ಏನಾಯಿತು ಎಂದು ನಾನು ಕೇಳುವುದನ್ನು ಬಿಟ್ಟಿದ್ದೇನೆ.

ಚಳಿ ಬಹಳ ಇದೆ. ಕಂಬಳಿ ಕಳಿಸಿದ್ದೇವೆ, ನಿನಗೆ ಮುಟ್ಟಿತೋ ಇಲ್ಲವೋ. ನಿನ್ನ ಕೈಗಳು ಹೇಗಿವೆ? ಅದೊಂದು ಬರೆ.

ಇಂದು


ಕೊಲ್ಹಾಪುರ
೧೬ ಮೇ ೧೯೪೩

ಇಂದೂ,

ನನ್ನನ್ನು ಜೈಲಿನಿಂದ ಬಿಟ್ಟ ದಿನ ಡಾಕ್ಟರು ಬಾಗಿಲಲ್ಲಿ ಕಾಯುತ್ತಿದ್ದರು. ನನ್ನೊಂದಿಗೆ ಊರಿಗೆ ಬನ್ನಿ ಎಂದು ಬಹಳ ಹೇಳಿದರು. ನಾನು ಬರಲಿಲ್ಲ. ಅವ್ವ ನನ್ನನ್ನು ಹೀಗೆ ನೋಡುವುದು ಬೇಡವೆನ್ನಿಸಿತು. ಸ್ವಲ್ಪ ಮೈ ಹಿಡಿದ ಮೇಲೆ ಬರುತ್ತೇನೆ. ಇಚಲಕರಂಜಿಯಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ಪಾರೀಸನೇ ಕುಲುಮೆಯ ಬದಿಗೆ ಜಾಗ ಕೊಟ್ಟಿದ್ದಾನೆ.

ಕೈ ಹೇಗಿವೆ ಎಂದು ಕೇಳಿದ್ದೀಯ. ಇವೆ. ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಇದನ್ನು ಅವ್ವನಿಗೆ ಓದಬೇಡ.

ಒಳಗೆ ಹುಬ್ಬಿನ ಕಲೆಯ ಆ ಮನುಷ್ಯನೂ ಇದ್ದ. ಬಹಳ ದಿನ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದವರಂತೆ ಇದ್ದೆವು. ಒಂದು ಬೆಳಿಗ್ಗೆ ನೀರು ಹಿಡಿಯುವಲ್ಲಿ ಪಕ್ಕಕ್ಕೆ ಬಂದು, "ನನ್ನ ಹಂತೇಕ ಫಟಫಟಿ ಇರಲಿಲ್ರಿ," ಅಂದ. "ಗೊತ್ತಾಗಿತ್ರಿ," ಅಂದೆ. ಅವನ ಮೇಲೆ ನನಗೆ ಸಿಟ್ಟಿದೆ. ಆದರೂ ಹೌದು, ಇವನೇ ಎಂದು ಅವತ್ತು ನನ್ನ ಬಾಯಿಂದ ಬರದೇ ಹೋಯಿತಲ್ಲ, ಅದೊಂದು ನೆನಪಾದಾಗ ಸ್ವಲ್ಪ ನಿದ್ದೆ ಬರುತ್ತದೆ. ನಾನು ಧೈರ್ಯದವನಲ್ಲ. ಈಗಲೂ ಬೂಟಿನ ಸದ್ದು ಕೇಳಿದರೆ ಬೆವರುತ್ತೇನೆ.

ಡಾಕ್ಟರು ಹೋಗುವಾಗ ಮೆಲ್ಲಗೆ ಕೇಳಿದರು, "ಗುರುಸಿದ್ದಪ್ಪ, ಇನ್ನೊಂದು ಮಾಡ್ತೀರೇನ್ರಿ?" ನೀನು ಕೇಳಲಾರದೆ ಬಿಟ್ಟದ್ದನ್ನು ಅವರು ಕೇಳಿದರು. ಮಳೆಗಾಲ ಬರುತ್ತಿದೆ, ಎತ್ತಿನ ಗಾಡಿ ಆ ದಾರಿಯಲ್ಲಿ ಹೂಳುತ್ತದೆ. ನನಗೆ ಗೊತ್ತಿದೆ.

ಮಾಡಿದ್ದೇನೆ. ಪಾರೀಸ ಇಕ್ಕಳ ಹಿಡಿದ, ನಾನು ಬಡಿದೆ. ಮೊದಲಿನದಕ್ಕಿಂತ ಬಹಳ ದಿನ ಹಿಡಿಯಿತು. ಹಿಡಿಕೆಯ ಮೇಲೆ ನನ್ನ ಹೆಸರನ್ನೂ ಊರನ್ನೂ ಉಳಿಯಿಂದ ಕೊರೆದಿದ್ದೇನೆ. ಪಾರೀಸ ಬೇಡವೆಂದು ಕೈ ಹಿಡಿದ, "ಹುಚ್ಚ ಹಿಡಿದೈತೇನೋ ನಿನಗ?" ಅಂದ. ಇನ್ನೊಮ್ಮೆ ನಾಕೆಯಲ್ಲಿ ಯಾರಾದರೂ ಇದನ್ನು ಬಿಚ್ಚಿ ನೋಡಿದರೆ, ಯಾರು ಮಾಡಿದರು ಎಂದು ಡಾಕ್ಟರನ್ನು ಕೇಳುವ ಪ್ರಸಂಗ ಬರಬಾರದು. ನೇರ ನನ್ನ ಬಳಿಗೇ ಬರಲಿ.

ಕೆಳಗೆ ಸಹಿ ಮಾಡಿದ ಹಾಗೆಯೇ ಕೊರೆದಿದ್ದೇನೆ, ಅಕ್ಷರಗಳು ಸೊಟ್ಟಗಾಗಿವೆ. ಓದಲು ಬರುತ್ತದೆ.

ಗುರುಸಿದ್ದ
ಇಚಲಕರಂಜಿ